ಎಚ್‌ಆರ್ ಪ್ರಮಾಣಪತ್ರ ಪರೀಕ್ಷೆ: ಅನುಭವಸ್ಥರು ಎಡವುವುದು ಎಲ್ಲಿ, ಓದುವುದು ಹೇಗೆ

ಮಾದರಿ ಪ್ರಶ್ನೆಪತ್ರಿಕೆಯೊಂದನ್ನು ಮೊದಲ ಸಲ ಬಿಡಿಸಿದಾಗ ನನಗೆ ಅರ್ಧದಷ್ಟು ಉತ್ತರಗಳೂ ಸರಿಬರಲಿಲ್ಲ. ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಪುಸ್ತಕ ತಿದ್ದುವುದರಿಂದ ಹಿಡಿದು ಯೂನಿಯನ್ ಮಾತುಕತೆಯ ಮೇಜಿನವರೆಗೆ ಹನ್ನೊಂದು ವರ್ಷ ಸವೆಸಿದವನಿಗೆ ಅದು ಮುಖಭಂಗವೇ. ಆ ರಾತ್ರಿ ತಪ್ಪಾದ ಉತ್ತರಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಗೊತ್ತಿಲ್ಲದೆ ತಪ್ಪಿದವು ಕೆಲವೇ. ಉಳಿದವನ್ನೆಲ್ಲ ‘ನಮ್ಮಲ್ಲಿ ಹೀಗೇ ಮಾಡುವುದು’ ಎಂಬ ಧೈರ್ಯದಿಂದ ಗುರುತು ಹಾಕಿದ್ದೆ.

ನಾನು ಹೇಳುತ್ತಿರುವುದು ಎಸ್‌ಎಚ್‌ಆರ್‌ಎಂ-ಸಿಪಿ ಪರೀಕ್ಷೆಯ ಬಗ್ಗೆ. ಅಮೆರಿಕದ ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾದಲ್ಲಿ ಕೇಂದ್ರ ಕಚೇರಿಯಿರುವ, 1948ರಲ್ಲಿ ಹುಟ್ಟಿದ ಮಾನವ ಸಂಪನ್ಮೂಲ (ಎಚ್‌ಆರ್) ವೃತ್ತಿಪರರ ಸಂಘಟನೆ ಎಸ್‌ಎಚ್‌ಆರ್‌ಎಂ (ಸೊಸೈಟಿ ಫಾರ್ ಹ್ಯೂಮನ್ ರಿಸೋರ್ಸ್ ಮ್ಯಾನೇಜ್‌ಮೆಂಟ್) ಇದನ್ನು ನಡೆಸುತ್ತದೆ. ಸಿಪಿ ಎಂದರೆ ಸರ್ಟಿಫೈಡ್ ಪ್ರೊಫೆಷನಲ್. ಮೊದಲ ಪರೀಕ್ಷೆ ನಡೆದದ್ದು 2015ರಲ್ಲಿ. ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳ ಎಚ್‌ಆರ್ ಹುದ್ದೆಗಳ ಜಾಹೀರಾತಿನಲ್ಲಿ ‘ಇದ್ದರೆ ಒಳ್ಳೆಯದು’ ಎಂಬ ಸಾಲಿನಲ್ಲಿ ಈ ಹೆಸರು ಕಾಣಿಸುತ್ತಿರುತ್ತದೆ.

ಮೊದಲು, ಇದು ನಿಮಗೆ ಬೇಕೇ?

ಶುಲ್ಕ ಡಾಲರಿನಲ್ಲಿ ಕಟ್ಟಬೇಕು, ರೂಪಾಯಿಗೆ ತಿರುಗಿಸಿದರೆ ಚಿಕ್ಕ ಮೊತ್ತವಲ್ಲ. ಅದಕ್ಕೇ ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ.

ನಮ್ಮ ರಾಜ್ಯದಲ್ಲಿ ಎಚ್‌ಆರ್ ಕೆಲಸಕ್ಕೆ ಬಂದವರಲ್ಲಿ ಸ್ಥೂಲವಾಗಿ ಎರಡು ಬಳಗಗಳಿವೆ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಬಿಡದಿಯಲ್ಲೋ ಕಾರ್ಖಾನೆ ಸೇರಿದವರು ಒಂದು ಬಳಗ. 1948ರ ಕಾರ್ಖಾನೆ ಕಾಯ್ದೆ ಐನೂರು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಎಂದದ್ದರಿಂದ ಬೆಳೆದ ವಂಶ ಇದು. ಎಂಬಿಎ ಮುಗಿಸಿ ಐಟಿ ಕಂಪನಿಗಳಿಗೋ ವಿದೇಶಿ ಬ್ಯಾಂಕುಗಳ ಬೆಂಗಳೂರು ಕಚೇರಿಗಳಿಗೋ ಸೇರಿದವರು ಇನ್ನೊಂದು. ಎರಡನೆಯ ಬಳಗದವರಿಗೆ, ಅಥವಾ ಮೊದಲನೆಯದರಿಂದ ಎರಡನೆಯದಕ್ಕೆ ದಾಟಬೇಕೆನ್ನುವವರಿಗೆ ಈ ಪ್ರಮಾಣಪತ್ರ ಪ್ರಯೋಜನಕ್ಕೆ ಬರುತ್ತದೆ. ಕಾರ್ಖಾನೆಯಲ್ಲೇ ಮುಂದುವರಿಯುವ, ದಿನವೂ ಕಾರ್ಮಿಕ ಇಲಾಖೆ, ವಿಚಾರಣೆ, ಗುತ್ತಿಗೆದಾರರ ದಾಖಲೆಗಳ ನಡುವೆ ಇರುವವರಾದರೆ ಅದೇ ಹಣದಲ್ಲಿ ಕಾರ್ಮಿಕ ಕಾನೂನಿನ ಡಿಪ್ಲೊಮಾ ಮಾಡುವುದು ಮೇಲು. ಇದು ನನ್ನ ಅಭಿಪ್ರಾಯ. ಒಪ್ಪದ ಗೆಳೆಯರೂ ಇದ್ದಾರೆ.

ಸಿಪಿ ಪರೀಕ್ಷೆಗೆ ಇಂಥದ್ದೇ ಪದವಿ ಬೇಕೆಂಬ ಕಟ್ಟಳೆಯಿಲ್ಲ. ಅದರ ಅಣ್ಣನಂತಿರುವ ಎಸ್‌ಸಿಪಿ (ಸೀನಿಯರ್ ಸರ್ಟಿಫೈಡ್ ಪ್ರೊಫೆಷನಲ್), ನೀತಿ ರೂಪಿಸುವ ಮಟ್ಟದಲ್ಲಿ ಕನಿಷ್ಠ ಮೂರು ವರ್ಷ ಕೆಲಸ ಮಾಡಿದವರಿಗೆ. ಹೆಸರಿನ ಮೋಹಕ್ಕೆ ಬಿದ್ದು ನೇರವಾಗಿ ಅದಕ್ಕೆ ಕೈಹಾಕಬೇಡಿ.

ಪರೀಕ್ಷೆಯ ಲೆಕ್ಕಾಚಾರ

ಒಟ್ಟು 134 ಪ್ರಶ್ನೆಗಳು. ಇವುಗಳಲ್ಲಿ 24 ಪ್ರಶ್ನೆಗಳು ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸಿ ನೋಡುವಂಥವು, ಅವಕ್ಕೆ ಅಂಕವಿಲ್ಲ. ಆದರೆ ಅವು ಯಾವುವೆಂದು ನಿಮಗೆ ತಿಳಿಯುವುದಿಲ್ಲ. ಹಾಗಾಗಿ ಕಂಡು ಕೇಳರಿಯದ ಪ್ರಶ್ನೆ ಎದುರಾದರೆ ಎದೆ ಒಡೆದುಕೊಳ್ಳಬೇಕಿಲ್ಲ, ಅದು ಆ 24ರಲ್ಲಿ ಒಂದಾಗಿರಬಹುದು. ಸಮಯ ಮೂರು ಗಂಟೆ ನಲವತ್ತು ನಿಮಿಷ. ಪರೀಕ್ಷೆ ಎರಡು ಸಮಭಾಗಗಳಲ್ಲಿ ನಡೆಯುತ್ತದೆ: ಒಂದೊಂದರಲ್ಲಿ 67 ಪ್ರಶ್ನೆ, 110 ನಿಮಿಷ. ಭಾಗಿಸಿ ನೋಡಿದರೆ ಒಂದು ಪ್ರಶ್ನೆಗೆ ನೂರು ಸೆಕೆಂಡಿಗಿಂತ ತುಸು ಕಡಿಮೆ. ಮೊದಲ ಭಾಗ ಮುಗಿಸಿದೆನೆಂದು ಒತ್ತಿದ ಮೇಲೆ ಅಲ್ಲಿಗೆ ಮರಳಲಾಗದು.

80 ಪ್ರಶ್ನೆಗಳು ನೇರವಾಗಿ ತಿಳಿವಳಿಕೆಯನ್ನು ಕೇಳುತ್ತವೆ. ಮಿಕ್ಕ 54 ಒಂದು ಸನ್ನಿವೇಶ ಕೊಟ್ಟು ‘ಈಗ ಏನು ಮಾಡುವಿರಿ’ ಎನ್ನುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು.

ಅಂಕ ಕೊಡುವ ರೀತಿ ಹಲವರನ್ನು ಗಲಿಬಿಲಿಗೊಳಿಸುತ್ತದೆ. ಅಳತೆ 120ರಿಂದ 200ರವರೆಗೆ, ಪಾಸಾಗಲು 200 ಬೇಕು. ನಮ್ಮ ಓದುವ ಗುಂಪಿನ ಹುಡುಗಿಯೊಬ್ಬಳು ಇದನ್ನು ಕೇಳಿ ‘ಅಂದರೆ ನೂರಕ್ಕೆ ನೂರು ತೆಗೆಯಬೇಕಾ ಸರ್?’ ಎಂದು ಪುಸ್ತಕ ಮುಚ್ಚಿಬಿಟ್ಟಿದ್ದಳು. ಹಾಗಲ್ಲ. ಪ್ರಶ್ನೆಪತ್ರಿಕೆಯ ಕಷ್ಟಕ್ಕೆ ತಕ್ಕಂತೆ ಅಂಕಗಳನ್ನು ಹೊಂದಿಸಿ, ಪಾಸಿನ ಗೆರೆಯನ್ನು ಆ ಅಳತೆಯ ತುದಿಯಲ್ಲಿ ಇಟ್ಟಿದ್ದಾರೆ, ಅಷ್ಟೇ. ಒಂದಷ್ಟು ತಪ್ಪಿದರೂ 200 ತಲುಪಬಹುದು.

ದಿನಾಂಕವನ್ನು ಕಚೇರಿಯ ಕ್ಯಾಲೆಂಡರ್ ನೋಡಿ ಹಿಡಿಯಿರಿ

ವರ್ಷಕ್ಕೆ ಎರಡು ಅವಧಿಗಳು: ಮೇ 1ರಿಂದ ಜುಲೈ 15, ಡಿಸೆಂಬರ್ 1ರಿಂದ ಫೆಬ್ರವರಿ 15. ಇವುಗಳಲ್ಲಿ ನಿಮ್ಮ ದಿನವನ್ನು ನೀವೇ ಆರಿಸಿಕೊಳ್ಳಬೇಕು. ತಯಾರಿಯ ತರಗತಿ ನಡೆಸುವವರು ಯಾರೂ ಹೇಳದ ಸಂಗತಿಯೊಂದಿದೆ. ಎಚ್‌ಆರ್‌ನವರಿಗೆ ಬಿಡುವು ಎಂಬುದು ವರ್ಷವಿಡೀ ಒಂದೇ ಸಮನಾಗಿ ಸಿಗುವುದಿಲ್ಲ. ಮಾರ್ಚ್, ಏಪ್ರಿಲ್ ಪೂರ್ತಿ ವಾರ್ಷಿಕ ಮೌಲ್ಯಮಾಪನ, ಸಂಬಳ ಪರಿಷ್ಕರಣೆ, ಪತ್ರಗಳ ಸಹಿ. ಆ ಎರಡು ತಿಂಗಳಲ್ಲಿ ಓದುತ್ತೇನೆಂದು ಮೇ ಮೊದಲ ವಾರಕ್ಕೆ ದಿನಾಂಕ ಹಿಡಿದವರು ದಿನಾಂಕ ಮುಂದೂಡಿದ್ದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಸಂಬಳದ ವಿಭಾಗದವರಿಗೆ ಜನವರಿ, ಫೆಬ್ರವರಿ ಕಷ್ಟ. ಬಾಡಿಗೆ ರಸೀದಿ, ವಿಮೆಯ ಕಂತಿನ ರಸೀದಿ ಎಂದು ತೆರಿಗೆ ವಿನಾಯಿತಿಯ ಕಾಗದಗಳ ರಾಶಿ ಮೇಜಿನ ಮೇಲೆ ಬೀಳುವ ಕಾಲ ಅದು. ಕಾರ್ಖಾನೆಯವರಿಗೆ ದಸರಾ, ದೀಪಾವಳಿಯ ಆಸುಪಾಸಿನಲ್ಲಿ ಬೋನಸ್ ಚೌಕಾಸಿ.

ಇದನ್ನೆಲ್ಲ ಕೂಡಿ ಕಳೆದರೆ, ಸಂಬಳ ವಿಭಾಗದವರಿಗೆ ಡಿಸೆಂಬರ್ ಮೊದಲ ಹದಿನೈದು ದಿನ, ನೇಮಕಾತಿ ಮತ್ತು ತರಬೇತಿ ವಿಭಾಗದವರಿಗೆ ಜೂನ್ ಕೊನೆ, ಕಾರ್ಖಾನೆಯವರಿಗೆ ಜನವರಿ ಕೊನೆಯ ವಾರ ಹೊಂದುತ್ತದೆ. ಆ ದಿನದಿಂದ ಹದಿನಾಲ್ಕು ವಾರ ಹಿಂದಕ್ಕೆ ಎಣಿಸಿ, ಅಲ್ಲಿಂದ ಓದು ಶುರು. ದಿನಕ್ಕೆ ಒಂದು ಗಂಟೆ, ಭಾನುವಾರ ಮೂರು. ಅದಕ್ಕಿಂತ ಹೆಚ್ಚು ಓದುತ್ತೇನೆ ಎನ್ನುವವರ ವೇಳಾಪಟ್ಟಿ ಎರಡನೆಯ ವಾರಕ್ಕೇ ಗೋಡೆಯ ಮೇಲಿನ ಅಲಂಕಾರವಾಗುತ್ತದೆ.

ಅರ್ಜಿಯಲ್ಲಿ ನಿಮ್ಮ ಹೆಸರು

ಇದು ಚಿಕ್ಕ ವಿಷಯವೆಂದು ದಾಟಬೇಡಿ. ಪರೀಕ್ಷಾ ಕೇಂದ್ರಕ್ಕೆ ನೀವು ಒಯ್ಯುವ ಸರ್ಕಾರಿ ಗುರುತಿನ ಚೀಟಿಯಲ್ಲಿರುವ ಹೆಸರು, ಅರ್ಜಿಯಲ್ಲಿರುವ ಹೆಸರು ಎರಡೂ ಹೊಂದಬೇಕು. ನಮ್ಮ ಹೆಸರುಗಳ ಪಾಡು ನಿಮಗೆ ಗೊತ್ತೇ ಇದೆ: ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದೇ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಪೂರ್ತಿ ಬಿಡಿಸಿ ಬರೆದು ಕೊನೆಯ ಹೆಸರಿನ ಜಾಗದಲ್ಲಿ ಕೂತಿರುತ್ತವೆ. ನಾನು ಅರ್ಜಿಯಲ್ಲಿ ಕಚೇರಿಯವರು ಕರೆಯುವ ಹೆಸರನ್ನೇ ತುಂಬಿ, ಪರೀಕ್ಷೆಗೆ ಹತ್ತು ದಿನವಿರುವಾಗ ಎಚ್ಚೆತ್ತು, ತಿದ್ದಿಸಲು ಮಿಂಚಂಚೆಯ ಮೇಲೆ ಮಿಂಚಂಚೆ ಬರೆದೆ. ಇನ್ನೊಬ್ಬರ ದಾಖಲೆಯಲ್ಲಿ ಹೆಸರು ತಾಳೆಯಾಗದಿದ್ದರೆ ಪಿಎಫ್ ಅರ್ಜಿಯನ್ನು ವಾಪಸು ಕಳಿಸುವವನಿಗೆ ತನ್ನದೇ ಹೆಸರು ತುಂಬಲು ಬಂದಿರಲಿಲ್ಲ! ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ತುಂಬಿ.

ಓದುವ ಕ್ರಮ

ಬಾಸ್ಕ್ (ಬಾಡಿ ಆಫ್ ಅಪ್ಲೈಡ್ ಸ್ಕಿಲ್ಸ್ ಆಂಡ್ ನಾಲೆಡ್ಜ್) ಎಂದು ಕರೆಯುವ ದಾಖಲೆಯೊಂದನ್ನು ಸಂಸ್ಥೆಯೇ ಉಚಿತವಾಗಿ ಕೊಡುತ್ತದೆ. ಅದೇ ಪಠ್ಯಕ್ರಮ. ದುಡ್ಡು ಕೊಟ್ಟು ಯಾವುದೇ ಪುಸ್ತಕ ಕೊಳ್ಳುವ ಮುನ್ನ ಅದನ್ನು ಮುದ್ರಿಸಿಕೊಂಡು ಮೂರು ಬಣ್ಣದ ಪೆನ್ನು ಹಿಡಿದು ಕೂರಿ. ಬೇರೆಯವರಿಗೆ ವಿವರಿಸಬಲ್ಲೆ ಎನಿಸಿದ್ದಕ್ಕೆ ಹಸಿರು, ಕೇಳಿ ಗೊತ್ತು ಎನಿಸಿದ್ದಕ್ಕೆ ನೀಲಿ, ಗೊತ್ತೇ ಇಲ್ಲ ಎನಿಸಿದ್ದಕ್ಕೆ ಕೆಂಪು. ನೀಲಿಯ ಬಗ್ಗೆ ಎಚ್ಚರವಿರಲಿ. ಕೆಂಪನ್ನು ಹೇಗೂ ಓದುತ್ತೀರಿ, ನೀಲಿಯನ್ನು ‘ಆಮೇಲೆ ನೋಡೋಣ’ ಎಂದು ಬಿಡುತ್ತೀರಿ.

ವಿಷಯಗಳು ಮೂರು ಗುಂಪಿನಲ್ಲಿವೆ: ಜನ, ಸಂಸ್ಥೆ, ಕೆಲಸದ ತಾಣ. ನೇಮಕಾತಿ, ತರಬೇತಿ, ಸಂಬಳ ಸವಲತ್ತುಗಳು ಮೊದಲನೆಯದರಲ್ಲಿ. ಎಚ್‌ಆರ್ ವಿಭಾಗದ ರಚನೆ, ಕಾರ್ಮಿಕ ಸಂಬಂಧ, ತಂತ್ರಜ್ಞಾನ ಎರಡನೆಯದರಲ್ಲಿ. ಅಪಾಯ ನಿರ್ವಹಣೆ, ಬೇರೆ ಬೇರೆ ದೇಶಗಳ ಸಿಬ್ಬಂದಿ, ಸಾಮಾಜಿಕ ಹೊಣೆ ಮೂರನೆಯದರಲ್ಲಿ. ಅಮೆರಿಕದ ಉದ್ಯೋಗ ಕಾನೂನುಗಳೆಂಬ ಅಧ್ಯಾಯವೂ ಅಲ್ಲಿದೆ, ಆದರೆ ಆ ದೇಶದಲ್ಲಿ ನೆಲೆಸಿದವರಿಗೆ ಮಾತ್ರ ಅದರ ಪ್ರಶ್ನೆಗಳು. ಬೆಂಗಳೂರಿನಲ್ಲಿ ಕೂತು ಓದುವವರು ಆ ಪುಟಗಳನ್ನು ನಿಶ್ಚಿಂತೆಯಿಂದ ಬಿಡಬಹುದು. ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗರಿಗೆ ಈ ರಿಯಾಯಿತಿ ಇಲ್ಲ.

ಇನ್ನೊಂದು ಕಹಿ ಸತ್ಯ. ಭಾರತದ ಕಾನೂನೂ ಇಲ್ಲಿ ಅಂಕ ತರುವುದಿಲ್ಲ. ಇಎಸ್‌ಐನಲ್ಲಿ ನೌಕರನ ಪಾಲು ಎಷ್ಟು, ಗ್ರಾಚ್ಯುಟಿಗೆ ಹದಿನೈದನ್ನು ಇಪ್ಪತ್ತಾರರಿಂದ ಏಕೆ ಭಾಗಿಸುತ್ತೇವೆ, 29 ಕಾರ್ಮಿಕ ಕಾಯ್ದೆಗಳು ಹೇಗೆ ನಾಲ್ಕು ಸಂಹಿತೆಗಳಾದವು ಎಂಬುದೆಲ್ಲ ನಾಲಿಗೆಯ ತುದಿಯಲ್ಲಿದ್ದರೂ ಇಲ್ಲಿ ಅದನ್ನು ಕೇಳುವವರಿಲ್ಲ. ನನ್ನಂಥವರ ಅರ್ಧ ಬಂಡವಾಳ ಹೀಗೆ ಬಾಗಿಲಲ್ಲೇ ಉಳಿಯಿತು.

ಸಿದ್ಧಾಂತಗಳನ್ನು ಹೆಸರು, ವರ್ಷ ಸಹಿತ ಉರುಹೊಡೆಯಬೇಡಿ. ಮಾಸ್ಲೊವಿನ ಅಗತ್ಯಗಳ ಶ್ರೇಣಿ, ಹರ್ಜ್‌ಬರ್ಗ್‌ನ ಎರಡು ಅಂಶಗಳು, ವ್ರೂಮ್‌ನ ನಿರೀಕ್ಷೆಯ ಸಿದ್ಧಾಂತ, ತರಬೇತಿಯ ಫಲವನ್ನು ಅಳೆಯುವ ಕಿರ್ಕ್‌ಪ್ಯಾಟ್ರಿಕ್‌ನ ನಾಲ್ಕು ಹಂತಗಳು, ಹಾಫ್‌ಸ್ಟೀಡ್‌ನ ಸಂಸ್ಕೃತಿಯ ಆಯಾಮಗಳು — ಪ್ರತಿಯೊಂದಕ್ಕೂ ನಿಮ್ಮ ಕಚೇರಿಯ ಒಂದು ಘಟನೆಯನ್ನು ಜೋಡಿಸಿ. ನಮ್ಮಲ್ಲೊಮ್ಮೆ ಕ್ಯಾಂಟೀನಿನ ಸಾಂಬಾರಿನ ಬಗ್ಗೆ ದೊಡ್ಡ ಗಲಾಟೆಯಾಗಿ, ಹೊಸ ಗುತ್ತಿಗೆದಾರ ಬಂದು, ಊಟ ಚೆನ್ನಾಯಿತು. ದೂರು ನಿಂತಿತು. ಆದರೆ ಉತ್ಪಾದನೆ ಕಿಂಚಿತ್ತೂ ಏರಲಿಲ್ಲ, ವ್ಯವಸ್ಥಾಪಕರು ಅದಕ್ಕೆ ಬೇಸರಪಟ್ಟರು. ಕೆಲವು ಅಂಶಗಳು ಇಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ಇದ್ದ ಮಾತ್ರಕ್ಕೆ ಹುಮ್ಮಸ್ಸು ಹುಟ್ಟುವುದಿಲ್ಲ ಎಂದು ಹರ್ಜ್‌ಬರ್ಗ್ ಹೇಳಿದ್ದು ಇದನ್ನೇ. ಆ ಸಾಂಬಾರು ನೆನಪಿರುವವರೆಗೆ ನಾನು ಆ ಸಿದ್ಧಾಂತವನ್ನು ಮರೆಯುವುದಿಲ್ಲ.

ಲೆಕ್ಕಗಳು ಸುಲಭ, ಹೆದರಬೇಡಿ. ಸರಾಸರಿ 240 ಸಿಬ್ಬಂದಿಯಿರುವ ಕಡೆ ವರ್ಷದಲ್ಲಿ 36 ಜನ ಬಿಟ್ಟುಹೋದರೆ ಬಿಟ್ಟುಹೋಗುವವರ ಪ್ರಮಾಣ ಶೇ 15. ಒಂದು ಹುದ್ದೆಯ ವೇತನ ಶ್ರೇಣಿಯ ಮಧ್ಯಬಿಂದು 60,000 ಇದ್ದು ನೌಕರನಿಗೆ 54,000 ಸಿಗುತ್ತಿದ್ದರೆ ಅವನ ಕಂಪಾ ಅನುಪಾತ, ಅಂದರೆ ಮಧ್ಯಬಿಂದುವಿಗೆ ಹೋಲಿಸಿದ ಸಂಬಳ, ಶೇ 90. ಇಂಥ ಐದಾರು ಸೂತ್ರಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಂಡು, ನಿಮ್ಮದೇ ವಿಭಾಗದ ಅಂಕಿಗಳನ್ನು ಹಾಕಿ ಬಿಡಿಸಿದರೆ ಸಾಕು. ಉತ್ತರ ಬಂದ ಮೇಲೆ ‘ಇದರಿಂದ ಏನು ತಿಳಿಯಿತು’ ಎಂದು ಕೇಳಿಕೊಳ್ಳಿ, ಪರೀಕ್ಷೆಯಲ್ಲಿ ಹೆಚ್ಚಾಗಿ ಕೇಳುವುದು ಅದನ್ನು.

ಸನ್ನಿವೇಶದ ಪ್ರಶ್ನೆಗಳು

ಪಾಸು ನಪಾಸು ತೀರ್ಮಾನವಾಗುವುದು ಇಲ್ಲಿ. ನಾಲ್ಕು ಉತ್ತರಗಳೂ ಮೇಲ್ನೋಟಕ್ಕೆ ಸರಿಯೆನಿಸುತ್ತವೆ. ಅತ್ಯುತ್ತಮವಾದದ್ದು ಯಾವುದೆಂದು ಪರಿಣತರ ತಂಡವೊಂದು ಮೊದಲೇ ತೀರ್ಮಾನಿಸಿರುತ್ತದೆ. ನಾನೇ ಹೆಣೆದ ಉದಾಹರಣೆಯೊಂದನ್ನು ನೋಡಿ.

ಮುನ್ನೂರು ಜನರ ಕಂಪನಿ. ಮಾರಾಟ ವಿಭಾಗದಲ್ಲಿ ಎಲ್ಲರಿಗಿಂತ ಹೆಚ್ಚು ವ್ಯವಹಾರ ತರುವ ನೌಕರನೊಬ್ಬ ಕಿರಿಯರನ್ನು ಎಲ್ಲರೆದುರು ಹೀಯಾಳಿಸುತ್ತಾನೆ. ಮೂರು ತಿಂಗಳಲ್ಲಿ ಇಬ್ಬರು ರಾಜೀನಾಮೆ ಕೊಟ್ಟಿದ್ದಾರೆ, ನಿರ್ಗಮನ ಸಂದರ್ಶನದಲ್ಲಿ ಇಬ್ಬರೂ ಅವನ ಹೆಸರು ಹೇಳಿದ್ದಾರೆ. ತ್ರೈಮಾಸಿಕ ಮುಗಿಯಲು ಮೂರು ವಾರವಿದೆ. ವಿಭಾಗದ ಮುಖ್ಯಸ್ಥರು ‘ಇದು ಮುಗಿಯಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಎಚ್‌ಆರ್ ವ್ಯವಸ್ಥಾಪಕರು ಮೊದಲು ಏನು ಮಾಡಬೇಕು? ಒಂದು, ಮುಖ್ಯಸ್ಥರ ಮಾತಿನಂತೆ ಮೂರು ವಾರ ಕಾಯುವುದು. ಎರಡು, ಆ ನೌಕರನಿಗೆ ಕಾರಣ ಕೇಳುವ ನೋಟಿಸು ಕೊಡುವುದು. ಮೂರು, ನಿರ್ಗಮನ ಸಂದರ್ಶನಗಳಲ್ಲಿ ಬಂದ ದೂರುಗಳ ಸಾರವನ್ನೂ ಇಬ್ಬರನ್ನು ಕಳೆದುಕೊಂಡದ್ದಕ್ಕೆ ತಗಲಿದ ವೆಚ್ಚವನ್ನೂ ಮುಖ್ಯಸ್ಥರ ಮುಂದಿಟ್ಟು, ವಿಚಾರಿಸುವ ಕೆಲಸವನ್ನು ಈಗಲೇ ಶುರುಮಾಡಲು ಅವರನ್ನು ಒಪ್ಪಿಸುವುದು. ನಾಲ್ಕು, ವ್ಯವಸ್ಥಾಪಕ ನಿರ್ದೇಶಕರಿಗೆ ವರದಿ ಮಾಡುವುದು.

ಹಳೆಯ ನಾನಾಗಿದ್ದರೆ ಎರಡನೆಯದಕ್ಕೆ ಗುರುತು ಹಾಕುತ್ತಿದ್ದೆ. ಕಾರ್ಖಾನೆಯಲ್ಲಿ ಮೊದಲು ನೋಟಿಸು, ಆಮೇಲೆ ಮಾತು. ಆದರೆ ಇಲ್ಲಿ ಆ ಕಡೆಯವನ ಮಾತನ್ನು ಯಾರೂ ಕೇಳಿಲ್ಲ, ಇಬ್ಬರ ಹೇಳಿಕೆ ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ಮೊದಲನೆಯದು ತಪ್ಪೆಂದು ಎಲ್ಲರಿಗೂ ಕಾಣುತ್ತದೆ. ನಾಲ್ಕನೆಯದು ಧೈರ್ಯದಂತೆ ಕಾಣಿಸಿದರೂ ಮುಖ್ಯಸ್ಥರ ತಲೆಯ ಮೇಲಿಂದ ಹಾರುವ ಕೆಲಸ. ಅವರು ಒಪ್ಪದೆ ಹೋದಾಗ ಇಡಬೇಕಾದ ಹೆಜ್ಜೆ ಅದು. ಉತ್ತರ ಮೂರು.

ಇಂಥ ಪ್ರಶ್ನೆಗಳನ್ನು ನೂರಾರು ಬಿಡಿಸಿದ ಮೇಲೆ ಒಂದು ಹದ ಸಿಗುತ್ತದೆ. ಸಂಗತಿ ತಿಳಿದುಕೊಳ್ಳುವ ಉತ್ತರ ದಂಡಿಸುವ ಉತ್ತರಕ್ಕಿಂತ ಮೊದಲು ಬರುತ್ತದೆ. ತಾನೇ ಎಲ್ಲ ಮಾಡುವ ಎಚ್‌ಆರ್‌ಗಿಂತ ವಿಭಾಗದ ಮುಖ್ಯಸ್ಥರನ್ನು ಜೊತೆಗೆ ಕರೆದುಕೊಳ್ಳುವ ಎಚ್‌ಆರ್ ಗೆಲ್ಲುತ್ತಾನೆ. ವಕೀಲರಿಗೆ, ಮೇಲಧಿಕಾರಿಗೆ ದಾಟಿಸಿ ಕೈತೊಳೆದುಕೊಳ್ಳುವ ಉತ್ತರ ಸಾಮಾನ್ಯವಾಗಿ ಸೋಲುತ್ತದೆ. ಆದರೆ ಕಿರುಕುಳ, ಸುರಕ್ಷತೆ, ವಂಚನೆಯ ಸುಳಿವಿದ್ದರೆ ಒಪ್ಪಿಸುತ್ತಾ ಕೂರಲು ವೇಳೆಯಿಲ್ಲ, ಅಲ್ಲಿ ಕೂಡಲೇ ಕ್ರಮಕ್ಕೆ ಇಳಿಯುವ ಉತ್ತರವೇ ಸರಿ. ಮೇಲಿನ ಉದಾಹರಣೆಯಲ್ಲಿ ಹೀಯಾಳಿಕೆಯ ಬದಲು ಲೈಂಗಿಕ ಕಿರುಕುಳದ ದೂರಿದ್ದರೆ ನನ್ನ ಉತ್ತರವೂ ಬದಲಾಗುತ್ತಿತ್ತು.

‘ಮೊದಲು’ ಎಂಬ ಪದ ಪ್ರಶ್ನೆಯಲ್ಲಿದೆಯೇ ಎಂದು ಪ್ರತಿಸಲ ನೋಡಿ. ಅದಿದ್ದರೆ, ನಾಲ್ಕೂ ಕೆಲಸಗಳನ್ನು ಮಾಡಲೇಬೇಕಾದರೂ ಅವುಗಳ ಸರದಿಯನ್ನು ಕೇಳುತ್ತಿದ್ದಾರೆ ಎಂದರ್ಥ. ತಪ್ಪಾದ ಪ್ರತಿಯೊಂದು ಉತ್ತರದ ಮುಂದೆ ಒಂದು ಸಾಲು ಬರೆಯಿರಿ: ನನ್ನ ಕಚೇರಿಯ ಯಾವ ರೂಢಿ ನನ್ನನ್ನು ಇಲ್ಲಿಗೆ ಎಳೆಯಿತು? ನನ್ನ ನೋಟ್‌ಬುಕ್ಕಿನಲ್ಲಿ ‘ನೋಟಿಸಿನ ಚಾಳಿ’ ಎಂದು ಹದಿನೇಳು ಸಲ ಬರೆದಿದ್ದೆ.

ಇಂಗ್ಲಿಷಿನ ಮಾತು

ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ನೆಪ ಮಾಡಿಕೊಂಡು ಹಿಂದೆ ಸರಿಯಬೇಕಿಲ್ಲ. ಪ್ರಬಂಧ ಬರೆಯುವುದಿಲ್ಲ, ಓದಿ ಗುರುತು ಹಾಕುವುದಷ್ಟೇ. ತೊಡಕಿರುವುದು ಓದುವ ವೇಗದಲ್ಲಿ. ಸನ್ನಿವೇಶದ ಪ್ರಶ್ನೆಗಳು ಉದ್ದ, ನೂರು ಸೆಕೆಂಡಿನಲ್ಲಿ ಅರ್ಧ ಸಮಯ ಓದಿಗೇ ಹೋಗುತ್ತದೆ. ಎಂಟು ವಾರ ದಿನವೂ ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಪುಟದ ಒಂದು ವರದಿಯನ್ನು ಗಡಿಯಾರ ಇಟ್ಟುಕೊಂಡು ಓದಿ, ಸಾರವನ್ನು ಕನ್ನಡದಲ್ಲಿ ಎರಡು ವಾಕ್ಯ ಬರೆಯಿರಿ. ಪರಿಕಲ್ಪನೆಗಳಿಗೂ ಅದೇ ಮದ್ದು. ಯಾವುದನ್ನು ಮನೆಯವರಿಗೆ ಕನ್ನಡದಲ್ಲಿ ವಿವರಿಸಲು ಬರುವುದಿಲ್ಲವೋ ಅದು ನಿಮಗೆ ಅರ್ಥವಾಗಿಲ್ಲ. ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಉತ್ತರಾಧಿಕಾರಿಗಳನ್ನು ಮೊದಲೇ ಸಜ್ಜುಗೊಳಿಸುವ ಯೋಜನೆಯ ಬಗ್ಗೆ ನಾನು ಹತ್ತು ನಿಮಿಷ ಹೇಳಿದ್ದನ್ನು ಕೇಳಿ, ‘ಹೆಡ್ಮಾಸ್ಟರು ನಿವೃತ್ತರಾಗುವ ಮೊದಲೇ ಇನ್ನೊಬ್ಬರನ್ನು ತಯಾರು ಮಾಡುವುದು ತಾನೇ?’ ಎಂದಳು. ಹತ್ತು ನಿಮಿಷ ಬೇಕಿರಲಿಲ್ಲ.

ಕೊನೆಯ ಎರಡು ವಾರ ಮತ್ತು ಪರೀಕ್ಷೆಯ ದಿನ

ಹನ್ನೆರಡನೆಯ ವಾರದ ಹೊತ್ತಿಗೆ ಹೊಸ ಓದು ನಿಲ್ಲಲಿ. ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು, ನಿಮ್ಮ ನಿಜವಾದ ಪರೀಕ್ಷೆ ಯಾವ ಹೊತ್ತಿಗಿದೆಯೋ ಅದೇ ಹೊತ್ತಿನಲ್ಲಿ, ಫೋನು ಇನ್ನೊಂದು ಕೋಣೆಯಲ್ಲಿಟ್ಟು ಬರೆಯಿರಿ. ಮೂರೂಮುಕ್ಕಾಲು ಗಂಟೆಯ ಹತ್ತಿರ ಒಂದೇ ಕಡೆ ಕೂರುವುದು ನಮಗೆ ರೂಢಿ ತಪ್ಪಿಹೋಗಿದೆ. ಎರಡನೆಯ ಭಾಗದ ನಡುವೆ ಗಮನ ಜಾರುವುದು ಮಾದರಿ ಪರೀಕ್ಷೆಯಲ್ಲೇ ಗೊತ್ತಾಗಲಿ.

ಮನೆಯಿಂದಲೇ ಕ್ಯಾಮೆರಾ ಮುಂದೆ ಕೂತು ಬರೆಯುವ ಅವಕಾಶವೂ ಇದೆ. ಪಕ್ಕದ ಮನೆಯ ಕುಕ್ಕರ್ ಸೀಟಿ, ಕರೆಂಟು, ಬಾಗಿಲು ತಟ್ಟುವ ಕೊರಿಯರ್ ಹುಡುಗ ಇವನ್ನೆಲ್ಲ ನೆನೆದು ನಾನು ಪರೀಕ್ಷಾ ಕೇಂದ್ರವನ್ನೇ ಆರಿಸಿಕೊಂಡೆ. ಹಿಂದಿನ ದಿನ ಒಮ್ಮೆ ಕೇಂದ್ರದವರೆಗೆ ಹೋಗಿ ಬನ್ನಿ. ಬೆಂಗಳೂರಿನ ಸಂಚಾರವನ್ನು ನಕ್ಷೆ ನೋಡಿ ನಂಬುವಂತಿಲ್ಲ, ಮೆಟ್ರೊ ಇದ್ದರೆ ಅದರಲ್ಲೇ ಹೋಗಿ. ಕೈಗಡಿಯಾರವನ್ನು ಒಳಗೆ ಬಿಡುವುದಿಲ್ಲ, ಸಮಯವನ್ನು ಪರದೆಯ ಮೇಲೇ ನೋಡಬೇಕು.

ಒಳಗೆ ಹೋದ ಮೇಲೆ ಲೆಕ್ಕ ಸರಳ. ಐವತ್ತೈದು ನಿಮಿಷ ಕಳೆದಾಗ ನೀವು ಮೂವತ್ನಾಲ್ಕನೆಯ ಪ್ರಶ್ನೆಯ ಆಸುಪಾಸಿನಲ್ಲಿರಬೇಕು. ಹಿಂದಿದ್ದರೆ ಎರಡು ಉತ್ತರಗಳ ನಡುವೆ ತೂಗುವುದನ್ನು ನಿಲ್ಲಿಸಿ, ಮೊದಲು ಮನಸ್ಸಿಗೆ ಬಂದದ್ದಕ್ಕೆ ಗುರುತು ಹಾಕಿ ಮುಂದೆ ಹೋಗಿ.

ಪಾಸಾದ ಮೇಲೆ

ಪ್ರಮಾಣಪತ್ರ ಮೂರು ವರ್ಷಕ್ಕೆ ಮಾತ್ರ. ಅಷ್ಟರೊಳಗೆ ತರಬೇತಿ, ಉಪನ್ಯಾಸ, ಕಚೇರಿಯಲ್ಲಿ ಕೈಗೊಂಡ ಹೊಸ ಕೆಲಸಗಳ ಮೂಲಕ 60 ಅಂಕ ಕೂಡಿಸಿ ತೋರಿಸಿದರೆ ನವೀಕರಣವಾಗುತ್ತದೆ, ಇಲ್ಲವೇ ಮತ್ತೆ ಪರೀಕ್ಷೆಗೆ ಕೂರಬೇಕು. ವರ್ಷಕ್ಕೆ ಇಪ್ಪತ್ತು ಅಂಕ ದೊಡ್ಡದಲ್ಲ, ಮೂರನೆಯ ವರ್ಷದ ಕೊನೆಯಲ್ಲಿ ಹಳೆಯ ಹಾಜರಾತಿ ಪತ್ರಗಳನ್ನು ಹುಡುಕುವುದು ದೊಡ್ಡದು. ಫಲಿತಾಂಶ ಬಂದ ದಿನವೇ ಒಂದು ಫೋಲ್ಡರ್ ಮಾಡಿ, ಹೋದ ಪ್ರತಿ ಕಾರ್ಯಕ್ರಮದ ಪತ್ರವನ್ನು ಅವತ್ತೇ ಅದರಲ್ಲಿ ಹಾಕಿ. ಪತ್ರದ ಮೇಲೆ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ಒಮ್ಮೆ ನೋಡಿ.